ಕೆಂಪವ್ವನ ಉಡಿ

ಆಗಸ್ಟ್ ಎಂಟು, ಗುರುವಾರ. ಬೆಳಗಿನಿಂದ ಜಿಟಿಜಿಟಿ ಮಳೆ, ಸಂಜೆಗೆ ಹೊಳವಾಗಿತ್ತು. ನಾಳೆ ಪಂಚಮಿ, ಓಣಿಯ ಸೊಸೆಯಂದಿರೆಲ್ಲ ತವರಿಗೆ ಹೋಗಿದ್ದರು. ಊರ ಹಿಂದಿನ ಕೆಂಪು ಗುಡ್ಡ ಹತ್ತಿ ಇಳಿದು ಬಂದ ಸಾವಂತ್ರಿ ತನ್ನ ಅಜ್ಜಿಯ ತೊಡೆಗೆ ತಲೆ ಕೊಟ್ಟು, ಬಂಡಿಗಲ್ಲಿನ ಮ್ಯಾಲ ನೀರಿನ ತೆರಿ ಯಾರು ಬರದಾರಬೇ ಅಂತ ಕೇಳಿದಳು. ಅಷ್ಟು ಎತ್ತರದಲ್ಲಿ, ಕಲ್ಲಿನ ಮೇಲೆ, ಸಾಲುಸಾಲು ತೆರೆ.

ಬರದದ್ದಲ್ಲ, ಆ ಗುಡ್ಡಕ್ಕ ಅವರವ್ವ ಹಿಡಿದ ನಿರಿಗಿ ಅದು, ಅಂದಳು ಅಜ್ಜಿ. ಹೂಂಗುಡಬೇಕು ಮತ್ತ.

ಹೊಳೆಗಿನ್ನೂ ಹೆಸರಿಲ್ಲದ ಒಂದಾನೊಂದು ಕಾಲದಲ್ಲಿ ಸಮುದ್ರವ್ವನಿಗೆ ಕೆಂಪವ್ವ ಅಂತ ಮಗಳಿದ್ದಳಂತೆ. ತಾಯಿಯ ತಳದಲ್ಲಿ ಮರಳಾಗಿ ಮಲಗಿ ಮಲಗಿ ಕಲ್ಲಾದವಳು. ಸಮುದ್ರವ್ವ ದಿನಾ ಬೆರಳಾಡಿಸಿ ಮಗಳ ಸೀರೆಗೆ ನಿರಿಗೆ ಹಿಡಿಯುತ್ತಿದ್ದಳಂತೆ. ಆಮೇಲೆ ಒಂದು ದಿನ ಭೂಮವ್ವ ಹೆಣ್ಣು ಕೇಳಲು ಬಂದು, ನನ್ನ ಮಗ ಬಯಲಪ್ಪನಿಗೆ ಇವಳೇ ಆಗಬೇಕು ಅಂತ ಹಟ ಹಿಡಿದು, ಕೆಳಗಿನಿಂದ ಹೆಗಲು ಕೊಟ್ಟು ಎತ್ತಿಕೊಂಡು ಹೋದಳಂತೆ. ಎಷ್ಟು ಎತ್ತರ ಅಂದರೆ, ಮೋಡ ಬಂದು ಸೆರಗಿಗೆ ಸಿಕ್ಕಿಕೊಳ್ಳುತ್ತಿದ್ದವಂತೆ.

ಅಷ್ಟು ಎತ್ತರದಿಂದ ಕೆಂಪವ್ವನಿಗೆ ಎಲ್ಲಾ ಕಾಣುತ್ತಿತ್ತು, ತವರೊಂದು ಕಾಣುತ್ತಿರಲಿಲ್ಲ. ಒಮ್ಮಿ ಹೋಗಿ ಬರ್ತೀನಿ ಅತ್ತಿ ಅಂದರೆ, ಮುಗಿಲಿಗೆ ಮುಟ್ಟಿಸಿ ಕೂಡ್ಸೀನಿ, ಇನ್ನೇನು ಕಡಿಮಿ ಆಗೇದ ನಿನಗ ಅನ್ನುತ್ತಿದ್ದಳಂತೆ ಭೂಮವ್ವ. ಬರಿ ಉಡಿಯಲ್ಲಿ ತವರಿಗೆ ಹೋಗಬಾರದು. ಅತ್ತೆ ಉಡಿ ತುಂಬಲೊಲ್ಲಳು.

ಆಮೇಲೆ ಕೆಂಪವ್ವ ಬಿಸಿಲನ್ನು ಕೇಳಿದಳಂತೆ. ಹೊತ್ತೊಯ್ಯೋದು ನನ್ನ ಕೈಲಿ ಆಗಾಂಗಿಲ್ಲ ಅಂತ ಬಿಸಿಲು ಅವಳ ಮೈ ಬಿರಿಸಿ ಹೋಯಿತಂತೆ. ಆಮೇಲೆ ಗಾಳಿಯನ್ನು ಕೇಳಿದಳಂತೆ. ಗಾಳಿ ಅವಳ ಮೈಯಿಂದ ಒಂದು ಚಿಟಿಕೆ ಎತ್ತಿಕೊಂಡು ಹೊರಟು, ದಾರಿಯಲ್ಲಿ ಯಾರದೋ ಹೊಲ ಕಂಡು ಅಲ್ಲೇ ಚೆಲ್ಲಿ ಬಂತಂತೆ.

ಗಾಳಿ ಕೈಯಾಗ ಬುತ್ತಿ ಕೊಟ್ಟಂಗ, ಅಂದಳು ಸಾವಂತ್ರಿ ನಿದ್ದೆಗಣ್ಣಲ್ಲಿ.

ಹೂಂ. ಆಮೇಲೆ ಹೊಳೆ ಬಂತಂತೆ. ನಾ ಅಲ್ಲಿಗೇ ಹೊಂಟೀನಿ ತಂಗಿ, ಆದರ ನೀ ಬೇರೂರಿದಾಕಿ, ನಿನ್ನ ಹೊರಲಾರೆ, ಉಡಿ ಕೊಡು, ಮುಟ್ಟಿಸ್ತೀನಿ ಅಂದಿತಂತೆ. ಕೆಂಪವ್ವ ತಾನೇ ಉಡಿ ತುಂಬಿ ಕೊಟ್ಟಳು. ಮುಂದಿನ ಮಳೆಗಾಲಕ್ಕೂ ಕೊಟ್ಟಳು, ಅದರ ಮುಂದಿನದಕ್ಕೂ. ಭೂಮವ್ವ ಸಿಟ್ಟಿಗೆದ್ದು ಮತ್ತೆ ಮತ್ತೆ ಹೆಗಲು ಕೊಟ್ಟು ಎತ್ತುವಳು, ಹೊಳೆ ಮತ್ತೆ ಮತ್ತೆ ಒಯ್ಯುವುದು. ಎತ್ತಿ ಎತ್ತಿ ಅತ್ತೆಯ ಹೆಗಲು ಸೋತಿತಂತೆ. ಹೊಳೆಯ ಕಾಲು ಸೋಲಲಿಲ್ಲ.

ಮೊದಲ ಉಡಿ ಮುಟ್ಟಿದಾಗ ತಾಯಿಗೆ ಗುರುತು ಹತ್ತಲಿಲ್ಲಂತೆ. ಯಾರ ಮಗಳವ್ವಾ ನೀ ಅಂತ ಸಮುದ್ರವ್ವ ಬೆರಳಾಡಿಸಿದಳು. ಬೆರಳಾಡಿಸಿದಲ್ಲೆಲ್ಲ ನಿರಿಗೆ ಎದ್ದವು. ಅಯ್ಯ, ನನ್ನ ಕೆಂಪಿ ಬಂದ್ಲು ಅಂತ ಮಡಿಲಿಗೆ ಎಳಕೊಂಡಳಂತೆ. ಈಗಲೂ ತಾಯಿ ಮಗಳು ಅಲ್ಲೇ ಸುಖವಾಗಿ ಇದ್ದಾರಂತೆ.

ಮುಚ್ಚಿದ್ದ ಕಣ್ಣನ್ನು ಸಾವಂತ್ರಿ ತೆರೆದಳು. ಅತ್ತಿ ಏನೂ ಕೊಡಲಿಲ್ಲಲ್ಲ, ಮತ್ತ ಉಡಿಯಾಗ ಏನು ತುಂಬಿದ್ಲು?

ಅಜ್ಜಿ ಕೌದಿ ಎಳೆದು ಹೊದಿಸಿದಳು.

ಏನಿತ್ತವ್ವಾ ಅಕಿ ಹತ್ರ, ತನ್ನ ಎತ್ತರ ಬಿಟ್ಟು? ಅದನ್ನ ಮುರದು ಮುರದು ತುಂಬಿದ್ಲು. ನೀ ಇವತ್ತ ಏದುಸಿರು ಬಿಟ್ಕೋತ ಹತ್ತಿದ್ಯಲ್ಲ, ಅದು ಅಕಿದು ಉಳದ ಮೊಣಕಾಲು. ಕತಿ ಹೊಳಿ ಕೂಡ ಹೋತು, ನಾವು ದಂಡಿಮ್ಯಾಲ ಉಳದ್ವಿ.