ಅಕ್ಕನಿಗೆ ಕಳಿಸಿದ ಎಣ್ಣೆ

ಎಣ್ಣೆ ವ್ಯಾಪಾರಿ ಮರಿಲಿಂಗಣ್ಣ ಮೂರು ಮಹಡಿಯ ಮನೆ ಕಟ್ಟಿದ್ದು ಎಳ್ಳೆಣ್ಣೆಗೆ ಕಾಡುಬೀಜದ ಎಣ್ಣೆ ಬೆರೆಸಿ. ಅದು ಮೈಗೆ ವಿಷವೆಂದು ಅವನಿಗೆ ಗೊತ್ತಿತ್ತು. ಬೆರೆಸುವ ಆಳು ಅಳುಕಿದರೆ, "ನಮ್ಮಪ್ಪ ಸಾಯೋತನಕ ನೆಟ್ಟಗೇ ಗಾಣ ತಿರುಗಿಸಿದ. ಏನು ಕಂಡ? ಸೋರೋ ಮನೆ. ದೊಡ್ಡ ದುಡ್ಡು ಯಾರಿಗೂ ನೇರ ದಾರೀಲಿ ಬಂದಿಲ್ಲ, ಸುರಿಯೋ" ಎಂದು ನಗುತ್ತಿದ್ದ.

ಅವನಿಗೆ ಅಕ್ಕ ಚನ್ನಾಜಮ್ಮನೆಂದರೆ ಪ್ರಾಣ. ತಾಯಿ ಇಲ್ಲದ ಅವನನ್ನು ಎತ್ತಿ ಬೆಳೆಸಿದವಳು ಅವಳೇ. ಅದಕ್ಕೆ ಅಪ್ಪನ ಹಳೇ ಗಾಣದಲ್ಲಿ ತೆಗೆದ ಶುದ್ಧ ಎಣ್ಣೆಯನ್ನು ಅವಳ ಊರಿಗೆ ತಿಂಗಳು ತಿಂಗಳೂ ಕಳಿಸುತ್ತಿದ್ದ. ಕಾರಣ ಮಾತ್ರ ಹೇಳುತ್ತಿರಲಿಲ್ಲ.

ಆ ವರ್ಷ ಅಕ್ಕನ ಒಬ್ಬಳೇ ಮಗಳು ಕಲಾವತಿ ಕಾಲು ಊದಿ, ಉಸಿರು ಕಟ್ಟಿ ತೀರಿಕೊಂಡಳು. ಈ ಸೋದರಮಾವನ ಹೆಗಲ ಮೇಲೆ ಆಡಿದ ಹುಡುಗಿ. ಎಲ್ಲ ವಿಧಿ ಎಂದುಕೊಂಡು ಮರಿಲಿಂಗಣ್ಣ ಅತ್ತ.

ನಾಗರಪಂಚಮಿ ಬಂತು. ಅಕ್ಕತಂಗಿಯರು ಒಡಹುಟ್ಟಿದವನ ಬೆನ್ನಿಗೆ ಹಾಲೆರೆದು, 'ನಿನ್ನ ಬೆನ್ನು ತಂಪಾಗಿರಲಿ' ಎಂದು ಹರಸುವ ದಿನ. ಸಾವಾದ ಮನೆಗೆ ಹಬ್ಬವಿಲ್ಲ. ಆದರೂ ಚನ್ನಾಜಮ್ಮ ಬಂದಳು.

"ಇಂಥ ಹೊತ್ತಲ್ಲಿ ಯಾಕಕ್ಕ ಬರೋಕೆ ಹೋದೆ?"

"ನಂಗೆ ಇನ್ನು ಉಳಿದಿರೋನು ನೀನೊಬ್ಬನೇ ಅಲ್ವೇನಪ್ಪ. ಅಂಗಿ ತೆಗೆದು ಕೂತ್ಕೊ."

ಅವನು ಬೆನ್ನು ತಿರುಗಿಸಿ ಕೂತ. ಹಾಲಿನ ಬಟ್ಟಲು ಹಿಡಿದು ಅವಳು ಹಿಂದೆ ನಿಂತಳು.

"ಕಲಾವತೀನ ನೋಡಿದ ಡಾಕ್ಟ್ರು ಏನಂದ್ರು ಗೊತ್ತಾ? ಅಡುಗೆ ಎಣ್ಣೇಲಿ ವಿಷ ಇತ್ತಂತೆ. ನಾನು ಅವರ ಮೇಲೇ ರೇಗಿಬಿಟ್ಟೆ. ನಮ್ಮನೆ ಎಣ್ಣೆ ನನ್ನ ತಮ್ಮಂದು ಕಣ್ರೀ, ಬಾಯಿಗೆ ಬಂದಂಗೆ ಮಾತಾಡ್ಬೇಡಿ ಅಂದೆ."

ಮರಿಲಿಂಗಣ್ಣ ತಟ್ಟನೆ ಕೇಳಿದ. "ನಾನು ಕಳಿಸಿದ್ದೇ ತಾನೇ ಅಡುಗೆಗೆ ಹಾಕ್ತಿದ್ದದ್ದು?"

"ಅದನ್ನ ತಿನ್ನೋದುಂಟಾ? ತವರಿಂದ ಬಂದದ್ದು, ದೇವರ ದೀಪಕ್ಕೆ ಇಟ್ಟೆ. ನಿನ್ನ ಹೆಸರು ಹೇಳಿ ದಿನಾ ಹಚ್ತೀನಿ. ಅಡುಗೆಗೆ ಅಂಗಡಿಯಿಂದ ತರ್ಸೋದು. ಅದೂ ನಿನ್ನದೇ ಡಬ್ಬ. ಎರಡೂ ಒಂದೇ ಅಲ್ವಾ?"

ತಮ್ಮನ ಬೆನ್ನು ನಡುಗುವುದನ್ನು ಅವಳು ನೋಡಿದಳು.

"ಮರಿ, ಎರಡೂ ಒಂದೇ ತಾನೇ?"

ಆಗಲೂ ಅವನು ತಿರುಗಲಿಲ್ಲ.

ಕೊನೆಗೆ ಹಾಲು ಬೆನ್ನ ಮೇಲೆ ಇಳಿಯಿತು. ಹರಸುವ ಮಾತಿಗಾಗಿ ಅವನು ತಲೆ ತಗ್ಗಿಸಿ ಕಾದ. ಬಾಗಿಲು ತೆರೆದ ಸದ್ದಷ್ಟೇ ಕೇಳಿಸಿತು.

ಬೆರಕೆ ಎಣ್ಣೆಯನ್ನೆಲ್ಲ ಅವನು ಮಣ್ಣಿಗೆ ಸುರಿಸಿದ. ತಪ್ಪೊಪ್ಪಿಕೊಂಡು ಶಿಕ್ಷೆಯನ್ನೂ ಅನುಭವಿಸಿದ. ಮತ್ತೆ ಅಪ್ಪನ ಗಾಣಕ್ಕೇ ಬಂದ. ಪ್ರತಿ ಪಂಚಮಿಗೂ ಅಂಗಿ ತೆಗೆದು ಕೂರುತ್ತಾನೆ. ಅಕ್ಕ ಬಂದಿಲ್ಲ. ಆದರೆ ಅವಳ ಮನೆಯ ದೇವರ ದೀಪ ಇನ್ನೂ ಆರಿಲ್ಲವಂತೆ. ಅದನ್ನು ಹಚ್ಚುವಾಗ ಅವಳು ಯಾರ ಹೆಸರು ಹೇಳುತ್ತಾಳೋ, ಆ ಕರುಣಾಳು ದೇವರಿಗೇ ಗೊತ್ತು.

ನೀತಿ: ಸಿರಿಯೆಲ್ಲ ಪಾಪದ್ದಲ್ಲ. ನೇರವಾಗಿ ದುಡಿದವರ ಕೈಯನ್ನೂ ಭಗವಂತ ತುಂಬುತ್ತಾನೆ. ಆದರೆ ನಮ್ಮವರಿಗೆ ಬಡಿಸಲಾರದ್ದನ್ನು ಊರಿಗೆ ಮಾರಿ ಸಿರಿವಂತರಾಗಬಾರದು. ದೇವರ ಕಣ್ಣಿಗೆ ಊರವರ ಮಕ್ಕಳೂ ನಮ್ಮ ಮನೆಯ ಮಕ್ಕಳೇ.