ಕಲ್ಲಿದ್ದಲು ಎತ್ತಿದ ಸರಪಳಿ

ಬಂದರಿಗೆ ಕಲ್ಲಿದ್ದಲು ಬರುವುದು ನಿಂತ ಮೇಲೆ ಅಲ್ಲಿನ ಕ್ರೇನನ್ನು ಕಳಚಿ ಗುಜರಿಗೆ ಹಾಕಿದರು. ಅದರ ಸರಪಳಿಯನ್ನು ಮಾತ್ರ ಮಾದೇವಿ ಮೊಗೇರ ಕೇಳಿ ತಂದಳು. ಅವಳು ಅಳಿವೆಯಲ್ಲಿ ತೆಪ್ಪದಿಂದ ಹಗ್ಗ ಇಳಿಬಿಟ್ಟು, ಅದಕ್ಕೆ ಅಂಟಿ ಬೆಳೆಯುವ ಪಚ್ಚಿಲೆ ಎಂಬ ಚಿಪ್ಪುಜೀವಿಗಳನ್ನು ಸಾಕುತ್ತಿದ್ದಳು. ಆ ತೆಪ್ಪವನ್ನು ಈ ಸರಪಳಿಯಿಂದಲೇ ಲಂಗರಿಗೆ ಕಟ್ಟಿದಳು.

"ನಾನು ಹಡಗಿನ ಹೊಟ್ಟೆಯಿಂದ ಬೆಟ್ಟದಷ್ಟು ಕಲ್ಲಿದ್ದಲು ಎತ್ತಿದವನು. ಇಲ್ಲಿ ನನಗೇನು ಕೆಲಸ?" ಎಂದಿತು ಸರಪಳಿ.

"ಹಿಡಿದುಕೊಂಡಿರುವುದು," ಎಂದಿತು ಹಗ್ಗದಲ್ಲಿದ್ದ ಮುದಿ ಪಚ್ಚಿಲೆ. "ಭರತಕ್ಕೆ ಬಿಗಿಯಬೇಕು, ಇಳಿತಕ್ಕೆ ಸಡಿಲಬೇಕು. ನಾನು ಹೇಳಿಕೊಡುತ್ತೇನೆ, ಅಣ್ಣಾ."

ಸರಪಳಿಗೆ ಅದು ಕೆಲಸವೆಂದೇ ಅನಿಸಲಿಲ್ಲ. ದೂರದಲ್ಲಿ ಹಡಗು ಕೂಗಿದರೆ ಸಾಕು, ಹಳೆಯ ರೂಢಿಯಂತೆ ಜಗ್ಗಿ ಎಳೆಯುತ್ತಿತ್ತು. ತೆಪ್ಪ ಅದುರಿ ಎಳೆಯ ಪಚ್ಚಿಲೆಗಳು ಕೆಸರಿಗೆ ಉದುರುತ್ತಿದ್ದವು.

ಒಂದು ಸಂಜೆ ಗಾಳಿ ಎದ್ದು ತೆಪ್ಪವನ್ನು ಬಂಡೆಗಳತ್ತ ನೂಕಿತು. ಭಾರ ಮೈಮೇಲೆ ಬಿದ್ದದ್ದೇ ಸರಪಳಿ ಹಿಗ್ಗಿ, "ಎತ್ತಲೇ?" ಎಂದು ಕೂಗಿತು.

"ಬೇಡ, ಎಳೆದರೆ ನಾವೆಲ್ಲ ಉದುರುತ್ತೇವೆ! ಸುಮ್ಮನೆ ಹಿಡಿದುಕೊಳ್ಳಿ!"

ಹಿಂದೆ ಉದುರಿದ ಮರಿಗಳು ಸರಪಳಿಯ ಕಣ್ಣಮುಂದೆ ಬಂದವು. ಅದು ಹಲ್ಲು ಕಚ್ಚಿ ಹಿಡಿದುಕೊಂಡಿತು. ಗಾಳಿ ಅಡಗುವವರೆಗೂ ಒಂದು ಮರಿಯೂ ಬೀಳಲಿಲ್ಲ.

"ಕೆಲಸ ಕಲಿತಿರಿ," ಎಂದಿತು ಪಚ್ಚಿಲೆ.

"ಕಲಿತೆ ತಂಗಿ. ಆದರೂ ಕ್ರೇನಿನ ಸದ್ದು ಕಿವಿಯಿಂದ ಹೋಗುವುದಿಲ್ಲವಲ್ಲ."

"ಹೋಗುವುದೂ ಇಲ್ಲ. ನಾನು ಹುಟ್ಟಿದ್ದು ಆ ಬಂಡೆಯ ಮೇಲೆ. ಮಾದೇವಿ ಕೆರೆದು ತಂದು ಈ ಹಗ್ಗಕ್ಕೆ ಕಟ್ಟಿದಳು. ಅಲ್ಲಿ ಅಲೆ ಒಡೆದಾಗಲೆಲ್ಲ ಈಗಲೂ ಚಿಪ್ಪು ತೆರೆದು ಕೇಳುತ್ತೇನೆ."