ಪೂಜೆಯಾದ ಚೌಕಟ್ಟು

"ಗುರುಗಳೇ, ದೀಪ ಮುಟ್ಟಿ ಆಡಿದ ಮಾತನ್ನು ಮುರಿಯಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕಾರಣ ಕೇಳಿದರು. ಶಿಷ್ಯ ಹೇಳಿದ. ತಾಯಿ ತೀರಿಕೊಂಡ ದಿನ ಅವನ ಅಕ್ಕ ಮಣ್ಣಿಗೆ ಬರಲಿಲ್ಲ. ಆ ಸಿಟ್ಟಿನಲ್ಲಿ ಅವನು ತಾಯಿಯ ತಲೆಯ ಬಳಿ ಉರಿಯುತ್ತಿದ್ದ ದೀಪವನ್ನು ಮುಟ್ಟಿ, ಇನ್ನು ಅಕ್ಕನ ಮನೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ ಎಂದು ಆಣೆ ಮಾಡಿದ. ಸುದ್ದಿ ಒಯ್ದವನು ದಾರಿ ತಪ್ಪಿದ್ದ, ಅವನು ಅಕ್ಕನ ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು ಎಂಬುದು ಆಮೇಲೆ ತಿಳಿಯಿತು. ಆದರೂ ಆಣೆ ಆಣೆಯೇ. ಅಕ್ಕ ಹಬ್ಬ ಹಬ್ಬಕ್ಕೂ ಹೇಳಿ ಕಳಿಸುತ್ತಿದ್ದಳು. ಇವನು ಹೋಗುತ್ತಿರಲಿಲ್ಲ. ಊರಿನವರು ಇವನನ್ನು ಮಾತಿಗೆ ನಿಲ್ಲುವ ಮನುಷ್ಯ ಎಂದು ಹೊಗಳುತ್ತಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಂಬಳಿ ನೇಕಾರನಿದ್ದ. ಅವನಿಗೆ ಸ್ವಂತ ಮನೆ ಇರಲಿಲ್ಲ. ಹೆಂಡತಿಯ ಅಣ್ಣನ ಕೊಟ್ಟಿಗೆಯಲ್ಲಿ ವಾಸ. ಅರ್ಧದಲ್ಲಿ ದನ, ಇನ್ನರ್ಧದಲ್ಲಿ ಇವನ ಸಂಸಾರ ಮತ್ತು ಮಗ್ಗ. ಭಾವ ಒಳ್ಳೆಯವನೇ, ಆದರೆ ಭಾವನ ಹೆಂಡತಿಯ ನಾಲಗೆ ಚುರುಕು. ಮಳೆಗಾಲಕ್ಕೆ ಮೊದಲು ಅವಳು ದನ ಕಟ್ಟುವ ಕಡೆಗೆ ಮಾತ್ರ ಹೊಸ ಹುಲ್ಲು ಹೊದಿಸುತ್ತಿದ್ದಳು. ಯಾಕೆಂದು ಕೇಳಿದರೆ, ದನ ಹಾಲು ಕೊಡುತ್ತದೆ ಎನ್ನುತ್ತಿದ್ದಳು.

ಹೆಂಡತಿ ಬಸುರಾದಾಗ ನೇಕಾರ ಮನಸ್ಸು ಗಟ್ಟಿ ಮಾಡಿದ. ಇನ್ನೊಂದು ಮಳೆಗಾಲವನ್ನು ಈ ಕೊಟ್ಟಿಗೆಯಲ್ಲಿ ಕಳೆಯಬಾರದು. ಹುಟ್ಟುವ ಕೂಸಿನ ತೊಟ್ಟಿಲು ತನ್ನ ಮನೆಯ ತೊಲೆಗೇ ತೂಗಬೇಕು. ಊರ ಹೊರಗೆ ಅವನ ಅಪ್ಪ ಬಿಟ್ಟುಹೋದ ತುಂಡು ನೆಲವಿತ್ತು. ಅಲ್ಲಿ ಹೋಗಿ ಗುದ್ದಲಿ ಹಾಕಿದ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆಯನ್ನು ಅವನಿಗೆ ಬೇರೆಯವರು ಮಾಡಿಸಿದ್ದರು. ಮನೆಯನ್ನು ತಾನೇ ಕಟ್ಟಬೇಕಿತ್ತು, ಕೂಲಿಯಾಳು ಇಡುವ ಶಕ್ತಿ ಇರಲಿಲ್ಲ. ಆದರೆ ಕೇಳಿ ಕಲಿಯಲು ಅವನಿಗೆ ನಾಚಿಕೆಯೂ ಇರಲಿಲ್ಲ. ಬರಿಯ ಜೇಡಿಮಣ್ಣು ಬಿರಿಯುತ್ತದೆ, ಮರಳು ಬೆರೆಸು ಎಂದು ಒಬ್ಬ ಹೇಳಿದ. ಬೆರೆಸಿದ. ಹುಲ್ಲು ತುಂಡರಿಸಿ ಹಾಕಿ ತುಳಿ, ತುಳಿದ ಮೇಲೆ ಕೊಳೆಯಲು ಬಿಡು, ಅವಸರಪಡಬೇಡ ಎಂದು ಇನ್ನೊಬ್ಬ ಹೇಳಿದ. ಹಾಗೆಯೇ ಮಾಡಿದ. ಗಟ್ಟಿ ನೆಲ ಸಿಗುವ ತನಕ ಪಾಯ ಅಗೆದು ಕಲ್ಲು ಕೂರಿಸಿದ. ಹಸಿ ಇಟ್ಟಿಗೆಗಳನ್ನು ಮಗ್ಗುಲು ತಿರುಗಿಸುತ್ತ ಬಿಸಿಲಿನಲ್ಲಿ ಒಣಗಿಸಿದ. ಬೆಳಗ್ಗೆ ಮಗ್ಗ, ಮಧ್ಯಾಹ್ನದಿಂದ ಮಣ್ಣು. ಅಂಗೈ ಒಡೆದು ಉಣ್ಣೆ ಮುಟ್ಟಿದರೆ ಉರಿಯುತ್ತಿತ್ತು. ಅವನು ನಿಲ್ಲಿಸಲಿಲ್ಲ.

ಬಾಗಿಲು ನಿಲ್ಲಿಸುವ ದಿನ ಬಂತು. ಆ ಸೀಮೆಯಲ್ಲಿ ಗೋಡೆ ಏಳುವ ಮೊದಲೇ ಹೊಸ್ತಿಲನ್ನೂ ಬಾಗಿಲ ಚೌಕಟ್ಟನ್ನೂ ಶುಭ ಗಳಿಗೆಯಲ್ಲಿ ನಿಲ್ಲಿಸಿ ಪೂಜೆ ಮಾಡುತ್ತಾರೆ. ಗೋಡೆ ಆಮೇಲೆ ಅದರ ಎರಡೂ ಬದಿಗೆ ಏಳುತ್ತದೆ. ಪೂಜೆಯಾದ ಚೌಕಟ್ಟನ್ನು ಕದಲಿಸುವಂತಿಲ್ಲ ಎಂಬುದು ಕಟ್ಟಳೆ. ಊರ ಹಿರಿಯರು ಕೂಡಿದ್ದರು. ಗಳಿಗೆ ಮೀರುತ್ತದೆ ಎಂದು ಪೂಜಾರಿ ಅವಸರ ಮಾಡಿದ. ನೇಕಾರ ಚೌಕಟ್ಟನ್ನು ಎತ್ತಿ ನಿಲ್ಲಿಸಿ, ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಎದುರಿನಿಂದ ಇಳಿಬಿಟ್ಟು ನೋಡಿದ. ನೆಟ್ಟಗಿತ್ತು. ಪಕ್ಕದಿಂದಲೂ ಒಮ್ಮೆ ಇಳಿಬಿಡಬೇಕಿತ್ತು. ಅಷ್ಟರಲ್ಲಿ ಆರತಿ ಬಂತು, ಕಾಯಿ ಒಡೆಯಿತು. ಮಂಗಳದ ಹೊತ್ತಿನಲ್ಲಿ ಗುಂಡು ಹಿಡಿದು ತಪ್ಪು ಹುಡುಕುವುದು ಬೇಡವೆಂದು ಅವನು ದಾರ ಸುತ್ತಿಟ್ಟ.

ಮರುದಿನ ಬೆಳಗ್ಗೆ, ಆ ಚೌಕಟ್ಟನ್ನು ಮಾಡಿಕೊಟ್ಟ ಬಡಗಿ ಆ ದಾರಿಯಲ್ಲಿ ಬಂದ. ಪಕ್ಕದಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದ.

"ತಲೆ ಒಂದು ಬೆರಳು ಒಳಕ್ಕೆ ವಾಲೈತಲ್ಲಣ್ಣ," ಎಂದ. "ಮಣ್ಣು ಇನ್ನೂ ಹಸಿ ಐತೆ. ಎಬ್ಬಿಸಿ ಕೂರಿಸು, ಹೊತ್ತೇರೋದ್ರೊಳಗೆ ಮುಗೀತದೆ."

"ಪೂಜೆ ಆಗೈತೆ," ಎಂದ ನೇಕಾರ. "ಒಂದು ಬೆರಳು ಯಾವ ಲೆಕ್ಕ? ಗೋಡೇನೇ ಅದಕ್ಕೆ ಹೊಂದಿಸ್ಕಂತೀನಿ ಬಿಡು."

ಮಗ್ಗದ ಮೇಲೆ ಒಂದು ಎಳೆ ತಪ್ಪಿದರೆ ಇವನೇ ಗೇಣುದ್ದ ನೇಯ್ದದ್ದನ್ನು ಬಿಚ್ಚಿ ಹಾಕುತ್ತಿದ್ದ, ಮುಖ ಕೂಡ ಸಪ್ಪಗಾಗುತ್ತಿರಲಿಲ್ಲ. ಆದರೆ ಕಂಬಳಿಗೆ ಯಾರೂ ಕಾಯಿ ಒಡೆದಿರಲಿಲ್ಲ.

ಅಂದಿನಿಂದ ಹೊಂದಿಸುವ ಕೆಲಸ ಶುರುವಾಯಿತು. ಚೌಕಟ್ಟು ವಾಲಿದ್ದಕ್ಕೆ ಸರಿಯಾಗಿ ಮುಂದಿನ ಗೋಡೆಯೂ ವಾಲಿತು. ಪಕ್ಕದ ಗೋಡೆಗಳು ನೆಟ್ಟಗೆ ಎದ್ದವು. ಹೀಗಾಗಿ ಎರಡೂ ಸೇರುವ ಮೂಲೆಯಲ್ಲಿ ಸಂದು ಬಿಟ್ಟುಕೊಂಡಿತು, ಮೇಲೆ ಹೋದಷ್ಟೂ ಅಗಲವಾಯಿತು. ಅದಕ್ಕೆ ಇಟ್ಟಿಗೆ ಚೂರು ತುಂಬಿ ಮಣ್ಣು ಮೆತ್ತಿದ. ಬಾಗಿಲು ಇದ್ದಲ್ಲಿ ನಿಲ್ಲದೆ ತಾನಾಗಿ ತೆರೆದುಕೊಳ್ಳತೊಡಗಿತು. ಅದಕ್ಕೊಂದು ಕಲ್ಲು ಅಡ್ಡ ಇಟ್ಟ. ಒಂದು ಬೆರಳು ಗೋಡೆಯ ನೆತ್ತಿಗೆ ಹೋಗುವಾಗ ಎರಡು ಬೆರಳಾಗಿತ್ತು. ತೊಲೆ ಸರಿಯಾಗಿ ಕೂರಲಿಲ್ಲ. ಬೆಣೆ ಬಡಿದ. ಮೂಲೆಯಲ್ಲಿ ಕೂದಲೆಳೆಯ ಬಿರುಕು ಕಂಡಿತು. ಸಗಣಿ ಮಣ್ಣು ಸಾರಿಸಿದ. ಸಾರಣೆ ಒಣಗಿದ ಮೇಲೆ ಬಿರುಕು ಮತ್ತೆ ಕಂಡಿತು. ಮತ್ತೆ ಸಾರಿಸಿದ, ಒಳಗಿನಿಂದ ಒಂದು ಕಂಬ ಊರಿದ.

ಅವನು ಸೋಮಾರಿಯಾಗಿರಲಿಲ್ಲ ಎಂಬುದನ್ನು ನೀನು ಮರೆಯಬೇಡ. ಸೋಮಾರಿಯಾಗಿದ್ದರೆ ಎಂದೋ ಕೈಬಿಡುತ್ತಿದ್ದ, ಅಷ್ಟು ಕೆಡುಕೂ ಆಗುತ್ತಿರಲಿಲ್ಲ. ನೆಟ್ಟಗಿನ ಮನೆ ಕಟ್ಟಲು ಬೇಕಾದ ಶ್ರಮದ ಎರಡರಷ್ಟನ್ನು ಅವನು ಆ ಒಂದು ಬೆರಳಿಗೆ ಸುರಿದ. ಹೊಸ ತೊಂದರೆ ಬಂದ ಹಾಗೆಲ್ಲ ಹೊಸ ಉಪಾಯ ಹೂಡಿದ, ಹೂಡಿದ ಉಪಾಯಕ್ಕೆ ತಾನೇ ಬೀಗಿದ. ನೋಡಲು ಬಂದವರು, ಹಿಡಿದರೆ ಬಿಡುವ ಆಸಾಮಿಯಲ್ಲ ಎಂದು ಹೊಗಳಿದರು. ಹೊಗಳಿಕೆ ಅವನಿಗೆ ರುಚಿಸಿತು. ಬಡಗಿ ಮಾತ್ರ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ ಏನು ಹೇಳುವುದು ಎಂದುಕೊಂಡು ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಓಡಾಡಿದ.

ಅಷ್ಟರಲ್ಲಿ ಹೆಂಡತಿ ಹೆತ್ತಳು. ಹೆಣ್ಣು ಕೂಸು. ಕೊಟ್ಟಿಗೆಯಲ್ಲಿ ತೊಟ್ಟಿಲು ತೂಗುಹಾಕಲು ಜಾಗವಿರಲಿಲ್ಲ. ಕೂಸು ಮಗ್ಗದ ಕೆಳಗೆ ಕಂಬಳಿಯ ಮೇಲೆ ಮಲಗುತ್ತಿತ್ತು.

ಮುಂಗಾರು ಹತ್ತಿರ ಬಂತು. ತೊಲೆ ಏರಿತ್ತು, ತೊಲೆಯ ಮೇಲೆ ಹಲಗೆ ಹಾಸಿತ್ತು. ಹಲಗೆಯ ಮೇಲೆ ಮೊಣಕಾಲೆತ್ತರ ಮಣ್ಣು ಹೇರಿ ಬಡಿದರೆ ಮಾಳಿಗೆ ಮುಗಿಯುತ್ತಿತ್ತು. ಮಣ್ಣು ಹೇರುವ ಮುನ್ನ ಹೆಂಡತಿ ಮನೆ ನೋಡಲು ಬಂದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ತೊಟ್ಟಿಲಿನ ಹಗ್ಗ.

"ಯಾವ ತೊಲೆಗೆ ಕಟ್ಟಲಿ?" ಎಂದು ಕೇಳಿದಳು.

ನೇಕಾರ ತಲೆಯೆತ್ತಿದ. ಮೊದಲ ತೊಲೆಯ ತುದಿ ಕೂತ ಮೂಲೆಯಲ್ಲಿ ಬಿರುಕಿತ್ತು. ಅದನ್ನು ಬಿಟ್ಟು ಆಚೆಯದನ್ನು ನೋಡಿದ. ಅದು ಬೆಣೆಯ ಮೇಲೆ ಕೂತಿತ್ತು. ಅದರಾಚೆಯದು ಕಂಬ ಊರಿದ್ದು. ಎಲ್ಲ ತೊಲೆಗಳೂ ಒಂದು ತುದಿಯಲ್ಲಿ ಅದೇ ವಾಲಿದ ಗೋಡೆಯ ಮೇಲಿದ್ದವು. ಇಷ್ಟು ದಿನ ನೋಡಲು ಬಂದವರಿಗೆಲ್ಲ ಇದೇ ತೊಲೆಗಳನ್ನು ಬೆರಳು ಮಾಡಿ ತೋರಿಸಿ ಹೆಮ್ಮೆಪಟ್ಟವನು ಅವನು. ಈಗ ಕೈ ಏಳಲಿಲ್ಲ.

"ನೀವು ತೋರಿಸಿದ ತೊಲೆಗೇ ಕಟ್ತೀನಿ," ಎಂದಳು ಹೆಂಡತಿ.

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅವಳು ಅವನನ್ನು ನಂಬಿದ್ದಳು. ಅದರಿಂದಲೇ ಅವನಿಗೆ ಭಯವಾಯಿತು. ಮೇಲೆ ಬೀಳಲಿರುವ ಮಣ್ಣಿನ ಭಾರ, ಕೆಳಗೆ ತೂಗುವ ತೊಟ್ಟಿಲು, ನಡುವೆ ತಾನು ಬಡಿದ ಬೆಣೆ. ಅವನು ಹೆಂಡತಿಯನ್ನೂ ಕೂಸನ್ನೂ ಹೊರಗೆ ಕರೆತಂದು ದೂರದಲ್ಲಿ ಕೂರಿಸಿದ. ಹಾರೆ ತೆಗೆದುಕೊಂಡು ಒಳಗೆ ಹೋದ.

ಹಲಗೆ ಇಳಿಸಿದ, ತೊಲೆ ಇಳಿಸಿದ. ಗೋಡೆಯನ್ನು ನೆತ್ತಿಯಿಂದ ಕೆಳಕ್ಕೆ ಬಿಚ್ಚುತ್ತ ಬಂದ. ಕೊನೆಗೆ ಚೌಕಟ್ಟೊಂದೇ ಉಳಿಯಿತು. ಆ ಹೊತ್ತಿಗೆ ಊರು ನೆರೆದಿತ್ತು. ಹಿಡಿದರೆ ಬಿಡುವವನಲ್ಲ ಎಂದು ಹೊಗಳಿದವರೇ ಈಗ, ಇವನಿಗೆ ಮತಿಗೆಟ್ಟಿದೆ, ಪೂಜೆಯಾದ ಬಾಗಿಲು ಕೀಳುತ್ತಿದ್ದಾನೆ, ವಂಶಕ್ಕೆ ಒಳ್ಳೆಯದಲ್ಲ ಎಂದರು. ಭಾವನ ಹೆಂಡತಿ ಬಾಯಿಗೆ ಸೆರಗು ಮುಚ್ಚಿ ನಕ್ಕಳು. ನೇಕಾರ ಹೊಸ್ತಿಲಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದ. ಎದ್ದು ಅದರ ಬುಡಕ್ಕೆ ಹಾರೆ ಹಾಕಿದ.

ಆ ಮಳೆಗಾಲವನ್ನು ಅವನು ಕೊಟ್ಟಿಗೆಯಲ್ಲೇ ಕಳೆದ. ಕಳೆಯಬಾರದು ಎಂದುಕೊಂಡಿದ್ದ ಮಳೆಗಾಲ ಅದು. ಸೋರುವಾಗ ಕೂಸಿನ ಮೇಲೆ ಕಂಬಳಿ ಕಟ್ಟಿದ. ಚುಚ್ಚು ಮಾತು ಬಂದಾಗ ತಲೆ ಬಗ್ಗಿಸಿ ನೇಯ್ದ. ನೋವಾಗಲಿಲ್ಲವೆಂದಲ್ಲ, ತುಂಬಾ ನೋವಾಯಿತು. ಮಳೆ ನಿಂತ ದಿನವೇ ಗುದ್ದಲಿ ಹಿಡಿದು ಹೊರಟ. ಕೆಡವಿದ ಇಟ್ಟಿಗೆಗಳೆಲ್ಲ ನೆನೆದು ಮಣ್ಣಾಗಿ ಬಿದ್ದಿದ್ದವು. ಮಣ್ಣಿನ ಮನೆಯ ದೊಡ್ಡ ಗುಣ ಅದು, ತಪ್ಪಿದರೆ ಕೆಡವಿ ಮತ್ತೆ ತುಳಿಯಬಹುದು. ಅವನು ಮತ್ತೆ ತುಳಿದ.

ಎರಡನೆಯ ಸಲ ಚೌಕಟ್ಟು ನಿಲ್ಲಿಸುವಾಗ ಪೂಜಾರಿ ಬರಲು ಒಪ್ಪಲಿಲ್ಲ. ಹೆಂಡತಿಯೊಬ್ಬಳೇ ಬಂದು ಚೌಕಟ್ಟನ್ನು ಹಿಡಿದು ನಿಂತಳು. ನೇಕಾರ ಎದುರಿನಿಂದ ಗುಂಡು ಇಳಿಬಿಟ್ಟ, ಅದು ತೂಗಾಡಿ ನಿಲ್ಲುವ ತನಕ ಕಾದ. ಪಕ್ಕದಿಂದ ಇಳಿಬಿಟ್ಟ, ಮತ್ತೆ ಕಾದ. ಮಣ್ಣು ತುಂಬಿ ಬಡಿದ ಮೇಲೆ ಎರಡೂ ಕಡೆಯಿಂದ ಇನ್ನೊಮ್ಮೆ ನೋಡಿದ, ಬಡಿಯುವಾಗಲೂ ಚೌಕಟ್ಟು ಕದಲುತ್ತದೆ ಎಂಬುದು ಈಗ ಅವನಿಗೆ ಗೊತ್ತಿತ್ತು. ಬಿಸಿಲು ನೆತ್ತಿಗೇರಿತು. ಹೆಂಡತಿಯ ಕೈ ಸೋತಿತು. ಇಬ್ಬರಲ್ಲಿ ಯಾರೂ ಸಾಕು ಎನ್ನಲಿಲ್ಲ.

ಮುಂದಿನ ಮುಂಗಾರಿಗೆ ಮೊದಲೇ ಮಾಳಿಗೆಗೆ ಮಣ್ಣು ಬಿತ್ತು. ಕೂಸು ಆಗಲೇ ಗೋಡೆ ಹಿಡಿದು ನಿಲ್ಲುತ್ತಿತ್ತು, ತೊಟ್ಟಿಲಲ್ಲಿ ಮಲಗುವ ವಯಸ್ಸು ಮೀರುತ್ತಿತ್ತು. ಆದರೂ ಹೆಂಡತಿ ಹಗ್ಗ ತಂದಳು. ಈ ಸಲ ಅವಳು ಯಾವ ತೊಲೆ ಎಂದು ಕೇಳಲಿಲ್ಲ. ಹತ್ತಿರ ಸಿಕ್ಕ ತೊಲೆಗೆ ಕಟ್ಟಿ, ಕೂಸನ್ನು ಮಲಗಿಸಿ, ನೀರಿಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಇನ್ನೂ ಆ ಹೊಸ್ತಿಲ ಬಳಿಯೇ ಇತ್ತು.

"ಗುರುಗಳೇ, ಪೂಜೆಯಾದ ಬಾಗಿಲನ್ನು ಕಿತ್ತ ದೋಷ ಆ ನೇಕಾರನಿಗೆ ತಟ್ಟಲಿಲ್ಲವೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಅಕ್ಕನ ಮನೆಯಲ್ಲಿ ನೀರು ಕುಡಿದು ಬಾ, ಆಮೇಲೆ ಹೇಳುತ್ತೇನೆ."